ರೀಫರ್ ಗಾಡಿಗೆ ಹೋಗುವ ಮುನ್ನ

(ಸಂಘದ ವಾರ್ಷಿಕ ಸಭೆಯಲ್ಲಿ, ಮುನಿರಾಬಾದಿನಲ್ಲಿ ಮಾಡಿದ ಭಾಷಣದ ಬರಹರೂಪ)



ಶೈಕ್ಷಣಿಕ ಸಂಘದ ಸಭೆಯಲ್ಲಿ ಲಾರಿಯ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಇಂಥ ವೇದಿಕೆಗಳಲ್ಲಿ ನಾವು ಸಾಮಾನ್ಯವಾಗಿ ಡಾಕ್ಟರು, ಇಂಜಿನಿಯರು, ಅಧಿಕಾರಿಗಳ ಬಗ್ಗೆ ಮಾತನಾಡುತ್ತೇವೆ. ಮಾತನಾಡಲೇಬೇಕು. ಆದರೆ ಹತ್ತನೆಯ ತರಗತಿಗೆ ಓದು ನಿಲ್ಲಿಸಿ, ಮೊದಲು ಕ್ಲೀನರ್ ಆಗಿ, ಆಮೇಲೆ ಡ್ರೈವರ್ ಆಗಿ ಹೆದ್ದಾರಿ ಸೇರುವ ಹುಡುಗರೂ ನಮ್ಮವರೇ. ಅವರಿಗೆ ದಾರಿ ಹೇಳುವವರು ಯಾರು? ಅವರ ತಾಯಂದಿರು ಈಚೆಗೆ ಒಂದು ಹೊಸ ಪ್ರಶ್ನೆ ಕೇಳುತ್ತಿದ್ದಾರೆ: "ಭಾಯಿ, ನನ್ನ ಮಗನಿಗೆ ಫ್ರಿಜ್ ಗಾಡಿಗೆ ಬಾ ಅಂತ ಕರೀತಿದ್ದಾರೆ, ಪಗಾರ ಹೆಚ್ಚು ಅಂತಾರೆ. ಕಳಿಸ್ಲೋ ಬ್ಯಾಡೋ?" ವರ್ಷಗಟ್ಟಲೆ ಸ್ಟೇರಿಂಗ್ ಹಿಡಿದು, ಈಗ ಟ್ರಾನ್ಸ್‌ಪೋರ್ಟ್ ಆಫೀಸಿನ ಕುರ್ಚಿಯಲ್ಲಿ ಕುಳಿತವನು ನಾನು. ಆ ಪ್ರಶ್ನೆಗೆ ನನಗೆ ತಿಳಿದಷ್ಟು ಉತ್ತರ ಹೇಳಲು ಇಂದು ನಿಂತಿದ್ದೇನೆ.

ಮೊದಲು ನಮ್ಮ ಊರಿನ ಸ್ಥಿತಿಯನ್ನು ನೋಡಿ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟೆಯ ಮಗ್ಗುಲಲ್ಲಿ ನಾವಿದ್ದೇವೆ. ವಿಜಯಪುರ, ಕುಷ್ಟಗಿಯ ಕಡೆಯಿಂದ ಬರುವ ಹಳೆಯ 13ನೇ ನಂಬರಿನ, ಈಗಿನ 50ನೇ ನಂಬರಿನ ಹೆದ್ದಾರಿ ನಮ್ಮ ಬದಿಯಲ್ಲೇ ಹಾದು ಹೊಸಪೇಟೆಗೆ ಹೋಗುತ್ತದೆ. ಹುಬ್ಬಳ್ಳಿ-ಬಳ್ಳಾರಿಯ ಹಳೆಯ 63, ಈಗಿನ 67ನೇ ಹೆದ್ದಾರಿಯೂ ನಮಗೆ ಕೂಗಳತೆಯಲ್ಲಿದೆ. ಎರಡು ಹೆದ್ದಾರಿಗಳ ನಡುವೆ ಹುಟ್ಟಿದ ಮಗುವಿಗೆ ಲಾರಿಯ ಹಾರನ್ನೇ ಜೋಗುಳ. ಗಂಗಾವತಿಯ ಅಕ್ಕಿ, ಗಿಣಿಗೇರಿ ಸುತ್ತಮುತ್ತಲಿನ ಕಾರ್ಖಾನೆಗಳ ಕಬ್ಬಿಣ, ಸಂಡೂರಿನ ಅದಿರು, ಇವುಗಳ ಮೇಲೆಯೇ ಈ ಭಾಗದ ಎಷ್ಟೋ ಕುಟುಂಬಗಳ ಒಲೆ ಉರಿದಿದೆ.

ಆ ಅದಿರಿನ ಕಥೆಯನ್ನು ಹಿರಿಯರು ಮರೆತಿರಲಾರರು. 2000ದ ದಶಕದಲ್ಲಿ ಚೀನಾಕ್ಕೆ ಅದಿರು ಹೋಗುವ ಭರದಲ್ಲಿ ಸಾಲ ಮಾಡಿ ಲಾರಿ ಕೊಂಡವರು ಬೀದಿಗೊಬ್ಬರಿದ್ದರು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಹಿಡಿಯಿತು. ಕಾನೂನು ಮುರಿದ ಗಣಿಗಾರಿಕೆ ನಿಂತದ್ದು ನ್ಯಾಯವೇ. ಆದರೆ ಮಾರನೆಯ ತಿಂಗಳಿನ ಕಂತು ಕಟ್ಟಬೇಕಾದವನು ಗಣಿಧಣಿಯಲ್ಲ, ಲಾರಿಯವನು. ಆಗ ನಿಂತ ಗಾಡಿಗಳಲ್ಲಿ ಎಷ್ಟೋ ಮತ್ತೆ ಏಳಲಿಲ್ಲ. ಒಂದೇ ಸರಕನ್ನು ನಂಬಿದ ಬದುಕು ಒಂದು ಆದೇಶದಿಂದ ನಿಂತುಹೋಗಬಹುದು ಎಂಬ ಪಾಠವನ್ನು ಈ ಊರು ದುಬಾರಿ ಬೆಲೆ ಕೊಟ್ಟು ಕಲಿತಿದೆ. ಹೊಸ ಸರಕಿನ ಕಡೆ ಹೊರಳುವಾಗ ಈ ಪಾಠ ಜೇಬಿನಲ್ಲಿರಲಿ.

ಈಗ ರೀಫರ್ ಗಾಡಿ ಎಂದರೇನು ಎಂಬುದಕ್ಕೆ ಬರೋಣ. ಲಾರಿಯ ಮೇಲೆ ದಪ್ಪ ಗೋಡೆಯ ಒಂದು ಪೆಟ್ಟಿಗೆ. ಗೋಡೆಯ ಒಳಗೆ ಶಾಖ ತಡೆಯುವ ಫೋಮ್ ತುಂಬಿರುತ್ತದೆ. ಪೆಟ್ಟಿಗೆಯ ಮುಂಭಾಗದಲ್ಲಿ ತಂಪು ಮಾಡುವ ಯಂತ್ರ. ಚಿಕ್ಕ ಗಾಡಿಗಳಲ್ಲಿ ಈ ಯಂತ್ರ ಸಾಮಾನ್ಯವಾಗಿ ಲಾರಿಯ ಇಂಜಿನ್ನಿನಿಂದಲೇ ಓಡುತ್ತದೆ. ದೊಡ್ಡ ಗಾಡಿಗಳಲ್ಲಿ ಅದಕ್ಕೆ ಬೇರೆಯೇ ಡೀಸೆಲ್ ಇಂಜಿನ್ ಇರುತ್ತದೆ. ಎಷ್ಟು ಡಿಗ್ರಿ ಬೇಕೋ ಅಷ್ಟಕ್ಕೆ ಕ್ಯಾಬಿನ್ನಿನಲ್ಲಿ ಅಥವಾ ಹೊರಗಿನ ಫಲಕದಲ್ಲಿ ಗುರುತು ಇಡಬೇಕು. ಪೆಟ್ಟಿಗೆಯೊಳಗಿನ ಉಷ್ಣತೆಯನ್ನು ನಿಮಿಷಗಳ ಲೆಕ್ಕದಲ್ಲಿ ಬರೆದಿಟ್ಟುಕೊಳ್ಳುವ ಒಂದು ಚಿಕ್ಕ ಉಪಕರಣವೂ ಇರುತ್ತದೆ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. ಈ ಗಾಡಿ ಇರುವುದು ಬಿಸಿ ಮಾಲನ್ನು ತಣ್ಣಗೆ ಮಾಡಲಿಕ್ಕಲ್ಲ. ಮೊದಲೇ ತಣ್ಣಗಾದ ಮಾಲನ್ನು ತಣ್ಣಗೆ ಉಳಿಸಲಿಕ್ಕೆ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ತೋಟದಿಂದ ಕಿತ್ತ ದ್ರಾಕ್ಷಿಯನ್ನು ನೇರವಾಗಿ ಪೆಟ್ಟಿಗೆಗೆ ತುಂಬಿದರೆ ಯಂತ್ರ ಎಷ್ಟೇ ಕೂಗಿದರೂ ಹಣ್ಣಿನ ಒಳಗಿನ ಕಾವು ಬೇಗ ಇಳಿಯುವುದಿಲ್ಲ. ಮೊದಲು ಶೀತಲ ಕೋಣೆಯಲ್ಲಿ ಹಣ್ಣನ್ನು ತಣಿಸಬೇಕು, ಖಾಲಿ ಪೆಟ್ಟಿಗೆಯನ್ನೂ ತಣ್ಣಗೆ ಮಾಡಿಟ್ಟುಕೊಳ್ಳಬೇಕು, ಗಾಳಿ ತಿರುಗಾಡಲು ಸುತ್ತಲೂ ಜಾಗ ಬಿಟ್ಟು ಪೇರಿಸಬೇಕು. ಅದಿರನ್ನು ತುಂಬಿದ ಹಾಗೆ ಕಂಠದವರೆಗೆ ತುಂಬಿದರೆ ಮಾಲು ಕೆಟ್ಟಂತೆಯೇ.

ಮಾಲಿಗೊಂದು ಉಷ್ಣತೆ. ದ್ರಾಕ್ಷಿಗೆ ಸೊನ್ನೆ ಡಿಗ್ರಿಯ ಆಸುಪಾಸು. ದಾಳಿಂಬೆಗೆ 5ರಿಂದ 7. ಮಾವು, ಬಾಳೆಗೆ 13ರ ಸುತ್ತ. ಅದಕ್ಕಿಂತ ಬಹಳ ಇಳಿದರೆ ಬಾಳೆಯ ಸಿಪ್ಪೆ ಕಪ್ಪಾಗುತ್ತದೆ, ಮಾವು ಹಣ್ಣಾಗದೆ ಕೆಡುತ್ತದೆ. ಐಸ್‌ಕ್ರೀಮು, ಹೆಪ್ಪುಗಟ್ಟಿಸಿದ ಮೀನು-ಮಾಂಸಕ್ಕೆ ಸೊನ್ನೆಗಿಂತ ಕೆಳಗೆ 18 ಅಥವಾ ಇನ್ನೂ ಕಡಿಮೆ. ಹೆಚ್ಚಿನ ಲಸಿಕೆಗಳಿಗೆ 2ರಿಂದ 8ರ ನಡುವೆ. ಬಿಸಿಯೂ ಆಗಬಾರದು, ಹೆಪ್ಪೂಗಟ್ಟಬಾರದು. 2021ರ ಜನವರಿ 12ರ ಬೆಳಗಿನ ಜಾವ ಪುಣೆಯಿಂದ ಕೋವಿಡ್ ಲಸಿಕೆಯನ್ನು ಹೊತ್ತು ಹೊರಟದ್ದು ಇಂಥವೇ ಗಾಡಿಗಳು. ದೇಶವೆಲ್ಲ ಟಿವಿಯಲ್ಲಿ ಆ ಗಾಡಿಗಳನ್ನು ನೋಡಿತು. ಅವುಗಳ ಸ್ಟೇರಿಂಗ್ ಹಿಡಿದವರೂ ನಮ್ಮಂಥ ಡ್ರೈವರುಗಳೇ.

ಹಾಗಾದರೆ ಈ ಕೆಲಸಕ್ಕೆ ಭವಿಷ್ಯವಿದೆಯೇ? ಇದೆ ಎಂದೇ ನನ್ನ ಅಭಿಪ್ರಾಯ. ಕೇಂದ್ರ ಸರ್ಕಾರದ ರಾಷ್ಟ್ರೀಯ ಶೀತಲ ಸರಪಳಿ ಅಭಿವೃದ್ಧಿ ಕೇಂದ್ರದ 2015ರ ಅಧ್ಯಯನವು ದೇಶಕ್ಕೆ ಸುಮಾರು 62,000 ಶೀತಲ ವಾಹನಗಳು ಬೇಕು, ಇರುವುದು ಹತ್ತು ಸಾವಿರಕ್ಕಿಂತ ಕಡಿಮೆ ಎಂದು ಲೆಕ್ಕ ಹಾಕಿತ್ತು. ಆಮೇಲೆ ಗಾಡಿಗಳು ಹೆಚ್ಚಿವೆ, ಬೇಡಿಕೆಯೂ ಹೆಚ್ಚಿದೆ. ನಮ್ಮ ಕುಷ್ಟಗಿ, ಯಲಬುರ್ಗಾ ಕಡೆ ದಾಳಿಂಬೆ, ದ್ರಾಕ್ಷಿ ಬೆಳೆಯುತ್ತಾರೆ. ಕೊಪ್ಪಳದ ಕೇಸರ್ ಮಾವಿಗೆ ಹೆಸರಿದೆ. ವಿಜಯಪುರ ದ್ರಾಕ್ಷಿಯ ನಾಡು. ಜಲಾಶಯದ ಮೀನು ಇದೆ, ಹಾಲಿದೆ. ಅಂದರೆ ಸರಕು ನಮ್ಮ ಬಾಗಿಲಲ್ಲೇ ಇದೆ, ಮತ್ತು ಅದು ಒಂದಲ್ಲ, ಹಲವು.

ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನೂ ಕೇಳಿ. ಹಣ್ಣು-ತರಕಾರಿಯನ್ನು ತೋಟದ ಬಳಿಯಲ್ಲೇ ವಿಂಗಡಿಸಿ ತಣಿಸುವ ಪ್ಯಾಕ್‌ಹೌಸುಗಳು ಸುಮಾರು 70,000 ಬೇಕಿದ್ದ ಕಡೆ ಆಗ ಇದ್ದದ್ದು 249. ಇದರ ಅರ್ಥ ಡ್ರೈವರಿಗೆ ಚೆನ್ನಾಗಿ ತಿಳಿಯಬೇಕು. ಬಿಸಿ ಮಾಲನ್ನೇ ತಂದು ತಣ್ಣನೆಯ ಗಾಡಿಗೆ ತುಂಬುವವರು ಇನ್ನೂ ಬಹಳ ಇದ್ದಾರೆ. ಮಾಲು ಕೆಟ್ಟಾಗ ಬೆರಳು ತೋರಿಸುವುದು ಮಾತ್ರ ಡ್ರೈವರಿನ ಕಡೆಗೆ.

ನನ್ನ ಪರಿಚಯದ ಇಬ್ಬರು ತರುಣರ ಅನುಭವ ಹೇಳುತ್ತೇನೆ, ಹೆಸರು ಬೇಡ. ಇಬ್ಬರೂ ಒಂದೇ ಹಂಗಾಮಿನಲ್ಲಿ ದ್ರಾಕ್ಷಿ ಹೊತ್ತು ಉತ್ತರಕ್ಕೆ ಹೋದರು. ಇಬ್ಬರ ಮಾಲನ್ನೂ ಮಂಡಿಯಲ್ಲಿ 'ಕೆಟ್ಟಿದೆ' ಎಂದು ತಿರಸ್ಕರಿಸಿದರು. ಮೊದಲನೆಯವನು ಲೋಡಾಗುವಾಗ ಢಾಬಾದಲ್ಲಿ ಚಹಾ ಕುಡಿಯುತ್ತಿದ್ದ. ಕಾಗದದಲ್ಲಿ ಪೆಟ್ಟಿಗೆಗಳ ಸಂಖ್ಯೆ ಬಿಟ್ಟರೆ ಏನೂ ಇರಲಿಲ್ಲ. ನಷ್ಟದ ಒಂದು ಪಾಲು ಎಂದು ಅವನ ಪಗಾರದಲ್ಲಿ ತಿಂಗಳುಗಟ್ಟಲೆ ಹಿಡಿದರು. ಎರಡನೆಯವನು ಹಣ್ಣಿಗೆ ಚುಚ್ಚಿ ನೋಡುವ ಥರ್ಮಾಮೀಟರ್ ಇಟ್ಟುಕೊಂಡಿದ್ದ. ಲೋಡಿನ ಹೊತ್ತಿಗೆ ಹಣ್ಣಿನ ಒಳಗೆ ಎಷ್ಟು ಡಿಗ್ರಿ ಇತ್ತು ಎಂದು ಬಿಲ್ಟಿಯ ಮೇಲೆ ಬರೆದು, ತುಂಬಿಸಿದವರ ಸಹಿ ಹಾಕಿಸಿಕೊಂಡಿದ್ದ. ಹಣ್ಣು ಬಿಸಿಯಾಗಿಯೇ ಏರಿತ್ತು ಎಂಬುದು ಆ ಒಂದು ಸಾಲಿನಿಂದ ಸಾಬೀತಾಯಿತು. ಅವನಿಗೆ ಒಂದು ಪೈಸೆ ಹಿಡಿಯಲಾಗಲಿಲ್ಲ. ಇಬ್ಬರಲ್ಲಿ ಗಾಡಿ ಓಡಿಸುವ ಕೈಚಳಕ ಹೆಚ್ಚಿದ್ದದ್ದು ಮೊದಲನೆಯವನಿಗೆ. ಉಳಿದುಕೊಂಡವನು ಓದಿ ಬರೆಯುವ ಅಭ್ಯಾಸ ಇದ್ದವನು.

ವಿದ್ಯಾರ್ಥಿಗಳೇ, ಶೈಕ್ಷಣಿಕ ಸಂಘದಲ್ಲಿ ಲಾರಿಯ ಮಾತೇಕೆ ಎಂಬುದಕ್ಕೆ ಇದೇ ಉತ್ತರ. ಸಾರಿಗೆ ವಾಹನದ ಲೈಸೆನ್ಸಿಗೆ ಎಂಟನೆಯ ತರಗತಿ ಪಾಸಾಗಿರಬೇಕು ಎಂಬ ನಿಯಮವನ್ನು 2019ರಲ್ಲಿ ತೆಗೆದುಹಾಕಿದರು. ಸರ್ಕಾರ ಕೇಳದಿದ್ದರೂ ಈ ಕೆಲಸ ಕೇಳುತ್ತದೆ. ಫಲಕದ ಮೇಲಿನ ಎಚ್ಚರಿಕೆಯ ಸಂಕೇತ, ಕರಾರಿನ ಷರತ್ತು, ಉಷ್ಣತೆಯ ದಾಖಲೆ, ಇವನ್ನು ಓದಲಾರದವನು ಬೇರೆಯವರು ಹೇಳಿದ್ದಕ್ಕೆ ತಲೆಯಾಡಿಸಬೇಕಾಗುತ್ತದೆ.

ಇನ್ನು ಕಷ್ಟಗಳ ಮಾತು. ಅದಿರು ಕಾಯುತ್ತದೆ, ಹಣ್ಣು ಕಾಯುವುದಿಲ್ಲ. ನಿದ್ದೆ ಬಂದರೆ ಅದಿರಿನ ಗಾಡಿಯನ್ನು ಬದಿಗೆ ಹಾಕಿ ಮಲಗಬಹುದು. ರೀಫರ್ ಗಾಡಿಯಲ್ಲಿ ಮಲಗಿದರೂ ತಲೆಯ ಹಿಂದೆ ಯಂತ್ರ ಗುರುಗುಟ್ಟುತ್ತಿರುತ್ತದೆ, ಅದು ನಿಂತರೆ ಎದ್ದೇಳಬೇಕು. ಇಳಿಸುವ ಜಾಗದಲ್ಲಿ ಸರದಿ ಬರುವವರೆಗೆ ಹತ್ತು-ಹನ್ನೆರಡು ಗಂಟೆ ಕಾದರೂ ಯಂತ್ರ ಓಡುತ್ತಲೇ ಇರಬೇಕು, ಡೀಸೆಲ್ ಉರಿಯುತ್ತಲೇ ಇರುತ್ತದೆ. ಕೆಲವು ಮಾಲೀಕರು "ರಾತ್ರಿ ತಂಪಿದೆ, ಎರಡು ತಾಸು ಬಂದ್ ಮಾಡು" ಎಂದು ಫೋನಿನಲ್ಲಿ ಹೇಳುತ್ತಾರೆ. ಬಾಯಿಮಾತಿಗೆ ಸಾಕ್ಷಿ ಇಲ್ಲ. ಬಂದ್ ಮಾಡಿದ ಎರಡು ತಾಸಿಗೆ ಮಾತ್ರ ಉಪಕರಣದ ದಾಖಲೆ ಇದೆ. ಆ ಮಾತಿಗೆ ಒಪ್ಪಬೇಡಿ. ಪರರ ಮಾಲು ನಿಮ್ಮ ಕೈಯಲ್ಲಿರುವ ಅಮಾನತ್ತು. ಅದನ್ನು ತಿನ್ನುವವನು ಎಲ್ಲೋ ಒಂದು ಮನೆಯ ಮಗು.

ಹೊತ್ತಿನ ಲೆಕ್ಕವನ್ನೂ ಮಾಡಿ. ಇಲ್ಲಿಂದ ಬೆಂಗಳೂರು ಸುಮಾರು 350 ಕಿಲೋಮೀಟರ್. ಗಂಟೆಗೆ ಸರಾಸರಿ 45ರಂತೆ ಹೋದರೆ ಎಂಟು ಗಂಟೆ. ಒಬ್ಬ ಡ್ರೈವರು ಒಂದು ದಿನ ಮಾಡಬಹುದಾದ ಕೆಲಸ ಅದು. ಮುಂಬೈ ಬದಿಯ ವಾಶಿ ಮಾರುಕಟ್ಟೆ ಸುಮಾರು 700, ಹದಿನೈದು-ಹದಿನಾರು ಗಂಟೆ. ಅಲ್ಲಿಗೆ ಇಬ್ಬರು ಡ್ರೈವರು ಬೇಕು, ಇಲ್ಲವೇ ನಡುವೆ ಒಂದು ಪೂರ್ಣ ನಿದ್ದೆ ಬೇಕು. ದೆಹಲಿಯ ಆಜಾದ್‌ಪುರ ಮಂಡಿಯಂತೂ ದಿನಗಳ ಹಾದಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಹೇಳಿತ್ತು. ಅದರ ಜಾಗಕ್ಕೆ ಬಂದ ಹೊಸ ಕಾರ್ಮಿಕ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಾಗಿದೆ, ಅದರಲ್ಲೂ ಎಂಟು ಗಂಟೆಯ ಮಿತಿ ಉಳಿದಿದೆ. ಕಾನೂನು ಕಾಗದದಲ್ಲಿದೆ, ಹೆದ್ದಾರಿಯಲ್ಲಿ ನಿದ್ದೆಗಣ್ಣಿದೆ. "ನಾಳೆ ಬೆಳಗ್ಗೆ ನಾಲ್ಕಕ್ಕೆ ಮಂಡಿಯಲ್ಲಿರಬೇಕು" ಎಂದು ಒಬ್ಬನೇ ಡ್ರೈವರಿಗೆ ಹೇಳುವವನ ಗಾಡಿ ಹತ್ತಬೇಡಿ. ಆ ನಾಲ್ಕು ಗಂಟೆಗೆ ತಲುಪದೆ ಹೋದವರ ಮನೆಗಳಿಗೆ ನಾವೆಲ್ಲ ಜನಾಜಾಕ್ಕೆ ಹೋಗಿ ಬಂದಿದ್ದೇವೆ. ರಂಜಾನಿನಲ್ಲಿ ದೂರದ ಲೋಡು ಹೊತ್ತವರು ಪ್ರಯಾಣಿಕನಿಗೆ ಧರ್ಮವೇ ಕೊಟ್ಟಿರುವ ರಿಯಾಯಿತಿಯನ್ನು ನೆನಪಿಡಬೇಕು; ಬಿಟ್ಟ ರೋಜಾವನ್ನು ಆಮೇಲೆ ಪೂರೈಸಬಹುದು, ಹೋದ ಜೀವವನ್ನು ತರಲಾಗದು.

ಇನ್ನೊಂದು ವಿಚಿತ್ರ ನೋಡಿ. ಹಿಂದೆ ಪೆಟ್ಟಿಗೆಯಲ್ಲಿ ದ್ರಾಕ್ಷಿ ಸೊನ್ನೆ ಡಿಗ್ರಿಯಲ್ಲಿ ಹಾಯಾಗಿ ಮಲಗಿರುತ್ತಿತ್ತು, ಮುಂದೆ ಡ್ರೈವರು ನಲವತ್ತು ಡಿಗ್ರಿಯಲ್ಲಿ ಬೇಯುತ್ತಿದ್ದ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಸರಕು ವಾಹನಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಒಳ್ಳೆಯ ನಿಯಮ. ಆದರೆ ಅದಕ್ಕೆ ಮೊದಲು ತಯಾರಾದ ಗಾಡಿಗಳಿಗೆ ಅದು ಅನ್ವಯಿಸದು. ನಿಮಗೆ ಕೊಡುವ ಗಾಡಿ ಯಾವ ವರ್ಷದ್ದು ಎಂದು ಕೇಳುವುದರಲ್ಲಿ ನಾಚಿಕೆಯಿಲ್ಲ.

ಹಾಗಾಗಿ 'ಹೂಂ' ಅನ್ನುವ ಮುನ್ನ ಐದು ಪ್ರಶ್ನೆಗಳನ್ನು ಕೇಳಿ.

ಒಂದು, ಪಗಾರ ತಿಂಗಳಿಗೋ ಟ್ರಿಪ್ಪಿಗೋ? ಟ್ರಿಪ್ಪಿಗಾದರೆ ದ್ರಾಕ್ಷಿ, ಮಾವಿನ ಹಂಗಾಮು ಮುಗಿದ ಮೇಲೆ ಗಾಡಿ ಏನು ಹೊರುತ್ತದೆ? ಹಾಲು, ಔಷಧಿ, ಐಸ್‌ಕ್ರೀಮಿನ ಖಾಯಂ ಕರಾರು ಇರುವ ಕಡೆ ವರ್ಷವಿಡೀ ಕೆಲಸ ಇರುತ್ತದೆ. ಹಣ್ಣೊಂದನ್ನೇ ನಂಬಿದ ಕಡೆ ಮಳೆಗಾಲದಲ್ಲಿ ಮನೆಗೆ ಕಳಿಸುತ್ತಾರೆ.

ಎರಡು, ಮಾಲು ತಿರಸ್ಕೃತವಾದರೆ ನಷ್ಟ ಯಾರದು? 'ಡ್ರೈವರಿನ ಪಗಾರದಲ್ಲಿ ಹಿಡಿಯಲಾಗುವುದು' ಎಂಬ ಮಾತು ಬಂದರೆ ಅಲ್ಲೇ ನಿಲ್ಲಿ. ಮಾಲಿಗೆ ವಿಮೆ ಇದೆಯೇ ಎಂದು ಕೇಳಿ.

ಮೂರು, ತಂಪು ಯಂತ್ರದ ಡೀಸೆಲ್ ಲೆಕ್ಕ ಬೇರೆ ಇದೆಯೇ? ಎರಡನ್ನೂ ಸೇರಿಸಿ 'ಲೀಟರಿಗೆ ಇಷ್ಟು ಕಿಲೋಮೀಟರ್ ಬರಬೇಕು' ಎಂದು ಕಟ್ಟಿದರೆ, ಸರದಿಯಲ್ಲಿ ಕಾದ ಹೊತ್ತಿನ ಡೀಸೆಲ್ ನಿಮ್ಮ ತಲೆಗೆ ಬರುತ್ತದೆ.

ನಾಲ್ಕು, ದೂರದ ಲೋಡಿಗೆ ಎರಡನೇ ಡ್ರೈವರು ಉಂಟೇ? ಎಷ್ಟು ದಿನಕ್ಕೊಮ್ಮೆ ಮನೆಗೆ ಬಿಡುತ್ತಾರೆ?

ಐದು, ಪಿಎಫ್, ಇಎಸ್‌ಐ, ಅಪಘಾತ ವಿಮೆ ಇವೆಯೇ? ಇವೆ ಎಂದರೆ ಕಾಗದ ತೋರಿಸಲಿ.

ಈ ಐದಕ್ಕೂ ಸಮಾಧಾನದ ಉತ್ತರ ಸಿಕ್ಕರೆ ಹೋಗಿ, ಹೆಮ್ಮೆಯಿಂದ ಹೋಗಿ. ಎರಡಕ್ಕೆ ಉತ್ತರ ಸಿಗದಿದ್ದರೆ ಪಗಾರ ಎರಡು ಸಾವಿರ ಹೆಚ್ಚೆಂಬ ಒಂದೇ ಕಾರಣಕ್ಕೆ ಹೋಗಬೇಡಿ. ಈಗಿನ ಅಕ್ಕಿ ಲಾರಿಯೇ ಲೇಸು.

ಕೆಲವರು ಡ್ರೈವರಾಗುವ ಮೊದಲೇ ಮಾಲೀಕರಾಗುವ ಕನಸು ಕಾಣುತ್ತಾರೆ. ಸರ್ಕಾರದ ನೆರವೂ ಇದೆ. ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್ನಿನ 2014ರ ಮಾರ್ಗಸೂಚಿಯಲ್ಲಿ 9 ಟನ್ ಶೀತಲ ವಾಹನಕ್ಕೆ 26 ಲಕ್ಷ ರೂಪಾಯಿ ವೆಚ್ಚ ಹಿಡಿದು, ನಮ್ಮಂಥ ಬಯಲುಸೀಮೆಗೆ ಶೇಕಡಾ 35ರ ಸಹಾಯಧನ ಇಟ್ಟಿದ್ದರು. 2025ರಲ್ಲಿ ಆ ಮಾರ್ಗಸೂಚಿಯನ್ನು ಪರಿಷ್ಕರಿಸಲಾಗಿದೆ. ಹೊಸ ದರವನ್ನು ಕೊಪ್ಪಳದ ತೋಟಗಾರಿಕೆ ಇಲಾಖೆಯಲ್ಲಿ ಕೇಳಿ ತಿಳಿಯಿರಿ. 2023ರಲ್ಲಿ ರಾಜ್ಯ ಸರ್ಕಾರ ತಂದ ಸ್ವಾವಲಂಬಿ ಸಾರಥಿ ಯೋಜನೆಯಲ್ಲಿ ಅಲ್ಪಸಂಖ್ಯಾತ ಯುವಕರಿಗೆ ಸರಕು ವಾಹನದ ಬೆಲೆಯ ಅರ್ಧದಷ್ಟು, ಹೆಚ್ಚೆಂದರೆ 3 ಲಕ್ಷ ರೂಪಾಯಿ ಸಹಾಯಧನ ಎಂದಿತ್ತು. ಇವುಗಳಲ್ಲಿ ಮಿಕ್ಕ ಹಣಕ್ಕೆ ಬ್ಯಾಂಕಿನ ಸಾಲವೇ ದಾರಿ ಎಂಬುದನ್ನು ಮರೆಯಬೇಡಿ. ಬಡ್ಡಿಯ ಬಗ್ಗೆ ನಮ್ಮ ಮನೆಗಳಲ್ಲಿ ಅಳುಕು ಇದೆ. ಆ ಅಳುಕಿನ ದುರುಪಯೋಗ ಮಾಡುವವರೂ ಇದ್ದಾರೆ. ಹಲಾಲ್ ಲಾಭದ ಹೆಸರಿನಲ್ಲಿ ಹಣ ಕಟ್ಟಿಸಿಕೊಂಡ ಬೆಂಗಳೂರಿನ ಸಂಸ್ಥೆಯೊಂದು 2019ರಲ್ಲಿ ಕುಸಿದಾಗ ಸಾವಿರಾರು ಕುಟುಂಬಗಳ ಉಳಿತಾಯ ಮುಳುಗಿತು. 'ನೀವು ಹಣ ಹಾಕಿ, ನಾವು ರೀಫರ್ ಓಡಿಸಿ ತಿಂಗಳ ಲಾಭ ಕೊಡುತ್ತೇವೆ' ಎಂದು ಯಾರಾದರೂ ಬಂದರೆ ಆ ನೆನಪು ಇರಲಿ. ನನ್ನ ಸಲಹೆ ಇಷ್ಟೇ: ಮೊದಲು ಎರಡು ವರ್ಷ ಬೇರೆಯವರ ಗಾಡಿ ಓಡಿಸಿ. ಯಂತ್ರದ ರಿಪೇರಿ ಎಷ್ಟು, ಖಾಲಿ ವಾಪಸು ಬರುವ ಟ್ರಿಪ್ಪು ಎಷ್ಟು ಎಂದು ನಿಮ್ಮ ಡೈರಿಯಲ್ಲೇ ಬರೆಯಿರಿ. ಆ ಡೈರಿ ಹೇಳಿದರೆ ಮಾತ್ರ ಕೊಳ್ಳಿ.

ಓದುತ್ತಿರುವ ಮಕ್ಕಳಿಗೆ ಒಂದು ಮಾತು. ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಹದಿನಾರಕ್ಕೆ ಓದು ಬಿಟ್ಟರೆ ನಡುವಿನ ನಾಲ್ಕು ವರ್ಷ ಟೈರು ತೊಳೆಯುವುದರಲ್ಲಿ ಹೋಗುತ್ತದೆ. ಆ ವರ್ಷಗಳಲ್ಲೇ ಐಟಿಐನ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಕೋರ್ಸು ಮುಗಿಯುತ್ತದೆ. ಎಸ್‌ಎಸ್‌ಎಲ್‌ಸಿ ಆದವರಿಗೆ ಎರಡು ವರ್ಷ. ಹೆದ್ದಾರಿಯಲ್ಲಿ ಯಂತ್ರ ನಿಂತಾಗ ಕೈಕಟ್ಟಿ ನಿಲ್ಲುವ ಡ್ರೈವರಿಗೂ ಮುಚ್ಚಳ ತೆಗೆದು ನೋಡಬಲ್ಲ ಡ್ರೈವರಿಗೂ ಮಾಲೀಕ ಒಂದೇ ಬೆಲೆ ಕಟ್ಟುವುದಿಲ್ಲ. ಐವತ್ತಕ್ಕೆ ಬೆನ್ನು ಸೋತಾಗ ಆ ಸರ್ಟಿಫಿಕೇಟು ಊರಿನಲ್ಲೇ ಅಂಗಡಿ ಹಾಕಿಸುತ್ತದೆ. ಇನ್ನೂ ಓದುವ ಆಸೆ ಇರುವವರಿಗೆ ನಮ್ಮ ಮುನಿರಾಬಾದಿನಲ್ಲೇ ತೋಟಗಾರಿಕೆ ಮಹಾವಿದ್ಯಾಲಯ ಇದೆ. ಕೊಯ್ಲಿನ ನಂತರ ಹಣ್ಣನ್ನು ಕಾಪಾಡುವ ವಿದ್ಯೆ ಅಲ್ಲಿ ಪಾಠವಾಗಿ ಸಿಗುತ್ತದೆ. ಗಾಡಿ ಓಡಿಸುವವನ ತಂಗಿ ಆ ವಿದ್ಯೆ ಕಲಿತು ಪ್ಯಾಕ್‌ಹೌಸ್ ನಡೆಸಬಾರದೇಕೆ?

ಕೊನೆಯದಾಗಿ ಸಂಘದ ಹಿರಿಯರಲ್ಲಿ ಎರಡು ವಿನಂತಿ. ತಿಂಗಳಿಗೊಂದು ಭಾನುವಾರ ನಮ್ಮ ಕಚೇರಿಯಲ್ಲಿ ಡ್ರೈವರುಗಳ ಕರಾರು ಪತ್ರ, ವಿಮೆಯ ಕಾಗದ ಓದಿ ಹೇಳಲು ಕಾಲೇಜಿನ ಇಬ್ಬರು ಮಕ್ಕಳನ್ನು ಕೂರಿಸಿ. ಹಾಗೆಯೇ ವರ್ಷಕ್ಕೊಮ್ಮೆ ಡ್ರೈವರುಗಳಿಗಾಗಿ ಕಣ್ಣು ಮತ್ತು ಸಕ್ಕರೆ ಕಾಯಿಲೆಯ ತಪಾಸಣೆ ಇಡಿ. ಇದಕ್ಕೆ ದೊಡ್ಡ ನಿಧಿ ಬೇಕಿಲ್ಲ, ಮನಸ್ಸು ಬೇಕು.

ತಾಯಂದಿರೇ, "ಕಳಿಸ್ಲೋ ಬ್ಯಾಡೋ" ಎಂದು ಕೇಳಿದಿರಿ. ಮಗ ಇಪ್ಪತ್ತು ತುಂಬಿದವನಾಗಿದ್ದರೆ, ಓದಿ ಸಹಿ ಹಾಕಬಲ್ಲವನಾಗಿದ್ದರೆ, ನಿದ್ದೆ ಬಂದಾಗ ಗಾಡಿ ನಿಲ್ಲಿಸುವ ಧೈರ್ಯ ಇದ್ದವನಾಗಿದ್ದರೆ, ಐದು ಪ್ರಶ್ನೆಗೆ ಉತ್ತರ ತಂದಿದ್ದರೆ, ದುಆ ಮಾಡಿ ಕಳಿಸಿ. ಇವುಗಳಲ್ಲಿ ಒಂದು ಕಡಿಮೆ ಇದ್ದರೂ ಒಂದು ವರ್ಷ ತಡೆಯಿರಿ. ಶೀತಲ ಗಾಡಿಗಳು ಮುಂದಿನ ವರ್ಷವೂ ಈ ಹೆದ್ದಾರಿಯಲ್ಲಿ ಓಡುತ್ತವೆ.